ಬಲೂನಿನ ಬಾಲ

ನಾನು ಕಾಮಿಕ್ಸ್ ಬರಿಯೋಕೆ ಶುರು ಮಾಡಿದ್ದು ಕಲೆ ಗಿಲೆ ಅಂತೇನಲ್ಲ, ಸ್ಕೂಲ್ ವಾಟ್ಸಾಪ್ ಗ್ರೂಪಲ್ಲಿ ದಿನಾ ಬೆಳಿಗ್ಗೆ ಬರೋ ಗುಡ್ ಮಾರ್ನಿಂಗ್ ಗುಲಾಬಿ ನೋಡಿ ನೋಡಿ ತಲೆ ಕೆಟ್ಟು, ಇದಕ್ಕಿಂತ ನಮ್ಮ ಬಟಾಣಿ ಮುಖಾನೇ ವಾಸಿ ಅನ್ನಿಸ್ತು ಅಷ್ಟೇ. ಬಟಾಣಿ ಅಂದ್ರೆ ನಮ್ಮ ಲಾಸ್ಟ್ ಬೆಂಚ್ ಹುಡುಗ. ಆವಾಗ ಚಡ್ಡಿ ಜೇಬಲ್ಲಿ ಹುರಿದ ಬಟಾಣಿ ಇರ್ತಿತ್ತು, ಈಗ ದಾವಣಗೆರೆಲೇ ಅಂಗಡಿ, ಜೇಬಲ್ಲಿ ಅಸಿಡಿಟಿ ಮಾತ್ರೆ.

ಮೊದಲ್ನೇದು ದುರ್ಗದ ಟೂರಿಂದು. ಹೈದರಾಲಿ ಸೈನಿಕರೇ ಒಬ್ಬೊಬ್ಬರಾಗಿ ನುಸುಳಿದ್ದಂತೆ ಆ ಓಬವ್ವನ ಕಿಂಡೀಲಿ, ಇವನು ಅರ್ಧಕ್ಕೆ ಸಿಕ್ಕಾಕ್ಕೊಂಡು ಹಿಂದೆ ಇಡೀ ಏಳನೇ ಕ್ಲಾಸು ಕ್ಯೂ ನಿಂತಿತ್ತು, ಅದನ್ನೇ ಬರೆದು ಹಾಕ್ದೆ. ಜಗಳಕ್ಕೆ ಬರ್ತಾನೆ ಅಂತ ಫೋನ್ ಸೈಲೆಂಟಲ್ಲಿ ಇಟ್ಟಿದ್ದೆ. ಬಂದಿದ್ದೊಂದೇ ಮೆಸೇಜು: "ಲೇ, ಅವತ್ತು ಸಿಕ್ಕಾಕ್ಕೊಂಡಿದ್ದು ಹೊಟ್ಟೆ ಅಲ್ಲಲೇ, ಬ್ಯಾಗಲ್ಲಿದ್ದ ಟಿಫನ್ ಕ್ಯಾರಿಯರ್ರು. ನಾಲ್ಕ್ ಡಬ್ಬಿದು. ಸರಿಯಾಗ್ ಬರಿ."

ಆಮೇಲೆ ಅಮ್ಮನ್ನ ಬರೆದೆ, ನೈಟಿ ಮೇಲೊಂದು ಟವೆಲ್ ಹಾಕ್ಕೊಂಡು ನನ್ನ ಎಬ್ಬಿಸ್ತಿರೋದು. "ಊರೋರೆಲ್ಲಾ ನೋಡೋ ಚಿತ್ರದಾಗೆ ನೈಟಿನಾ? ನಂಗೊಂದು ಸೀರೆಗೂ ಗತಿ ಇಲ್ವಾ?" ಸರಿ ಅಂತ ಇಳಕಲ್ ಸೀರೆ ಉಡಿಸ್ದೆ. ಕಾಮಿಕ್ಸಿನ ಪಜೀತಿ ಏನಂದ್ರೆ ಒಂದ್ಸಲ ಉಡಿಸಿದ್ ಸೀರೆನ ಎಲ್ಲಾ ಬಾಕ್ಸಲ್ಲೂ ಉಡಿಸ್ಬೇಕು, ಆರು ಬಾಕ್ಸಿಗೆ ಆರು ಸೆರಗು, ಸೆರಗಿನ ತುಂಬಾ ಆ ಗೋಪುರದ ಸಾಲು, ಎರಡು ರಾತ್ರಿ ಹೋಯ್ತು. ಆರ್.ಕೆ. ಲಕ್ಷ್ಮಣ್ ತಮ್ಮ ಕಾಮನ್ ಮ್ಯಾನಿಗೆ 1951ರಿಂದ ದಶಕಗಟ್ಟಲೆ ಚೌಕಳಿ ಕೋಟು ಹಾಕ್ಸಿದ್ರಲ್ಲ, ಆ ಕೈಗೊಂದು ದೊಡ್ಡ ನಮಸ್ಕಾರ.

ತಕರಾರು ಮಾಡ್ದೇ ಇದ್ದೋನು ಕೆಂಚ ಒಬ್ಬನೇ. ನಮ್ಮನೆ ನಾಯಿ, ದಿನಾ ನನ್ನ ಹಿಂದೇನೇ ಸ್ಕೂಲಿಗೆ ಬಂದು ಕ್ಲಾಸಿನ ಬಾಗಿಲಲ್ಲಿ ಮಲಗ್ತಿದ್ದ, ಹಾಜರಾತಿ ನನಗಿಂತ ಜಾಸ್ತಿ. ಆದ್ರೆ ನಾಯಿ ಹಿಂಗಾಲು ಯಾವ ಕಡೆ ಮಡಚುತ್ತೆ ಅನ್ನೋದು ಇವತ್ತಿಗೂ ನಂಗೆ ಹಿಡಿತಕ್ಕೆ ಬಂದಿಲ್ಲ. ಅಮ್ಮ ನೋಡಿ "ಆಡಿನ ಮರಿ ಮುದ್ದಾಗೈತೆ" ಅಂದ್ಲು. ಆವತ್ತಿಂದ ಅವನ ತಲೆ ಮೇಲೆ ಕಂಪಲ್ಸರಿ "ಬೌ" ಅಂತ ಬರೀತೀನಿ.

ನಿಜವಾದ ಕಷ್ಟ ಚಿತ್ರದ್ದಲ್ಲ, ಮಾತಿನ ಬಲೂನಿಂದು. ಅದೇ, ಮಾತು ಬರಿಯೋ ಗುಳ್ಳೆ, ಅದರ ಬಾಲ ಯಾರ ಬಾಯಿಗೆ ತಾಗುತ್ತೋ ಮಾತು ಅವರದ್ದು. ಇಂಗ್ಲಿಷ್ ಕಾಮಿಕ್ಸಲ್ಲಿ ಹೆಚ್ಚುಕಮ್ಮಿ ಎಲ್ಲಾ ಕ್ಯಾಪಿಟಲ್ ಅಕ್ಷರ, ಎಲ್ಲದಕ್ಕೂ ಒಂದೇ ಎತ್ತರ, ಆರಾಮು. ನಮ್ಮದು ಹಂಗಾ? ಮೇಲೆ ಗುಡಿಸು, ಕೆಳಗೆ ಒತ್ತು, ಒತ್ತಿಗೊಂದು ಒತ್ತು. ಗಣಿತದ ಪಿರಿಯಡ್ಡಿನ ಸೀನಲ್ಲಿ ಬಟಾಣಿ ನನ್ನ ಕಿವೀಲಿ "ಈ ಮೇಷ್ಟ್ರಿಗೆ ಏನೂ ಬರಲ್ಲ ಕಣ್ಲೇ" ಅನ್ಬೇಕಿತ್ತು, ಆ ಮೇಷ್ಟ್ರಿಗೆ ಅನ್ನೋದರ ಒತ್ತುಗಳು ಕೆಳಗಿನ ಸಾಲಿನ ಮೇಲೆ ಕಾಲು ಚಾಚಿ ಕೂತ್ವು. ಸಾಲು ಬಿಡಿಸ್ದೆ, ಬಲೂನು ದೊಡ್ಡದಾಯ್ತು, ಬಟಾಣಿ ಮುಖ ಮುಚ್ಚೋಯ್ತು, ಬಲೂನನ್ನ ಬಲಕ್ಕೆ ಎಳೆದೆ, ರಾತ್ರಿ ಒಂದು ಗಂಟೆ, ಕಣ್ಣು ಕೂರ್ತಿದೆ, ಬಾಲ ಎಲ್ಲಿಗೆ ತಾಗಿದೆ ಅಂತ ಯಾರು ನೋಡ್ತಾರೆ, ಕಳ್ಸಿ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದ್ರೆ ಬಾಲ ಹೋಗಿ ಸರ್ ಬಾಯಿಗೇ ತಾಗಿದೆ. ಕಪ್ಪು ಹಲಗೆ ಮುಂದೆ ಸೀಮೆಸುಣ್ಣ ಹಿಡ್ಕೊಂಡು ಸರ್ ಸ್ವತಃ ತಾವೇ ಇಡೀ ಕ್ಲಾಸಿಗೆ, "ಈ ಮೇಷ್ಟ್ರಿಗೆ ಏನೂ ಬರಲ್ಲ ಕಣ್ಲೇ" ಅಂತಿದ್ದಾರೆ.

ಇದರ ಮೇಲೆ, ಹೋದ ವರ್ಷ ಸರ್‌ನ ಗ್ರೂಪಿಗೆ ಸೇರಿಸಿದ್ದು ನಾನೇ.

ಡಿಲೀಟ್ ಮಾಡಿದ್ರೂ ಪ್ರಯೋಜನ ಇರ್ಲಿಲ್ಲ, ಆಗ್ಲೇ ನಲವತ್ತು ಜನ ನೋಡಿದ್ರು, ಒಬ್ಬರೂ ಕಮಕ್ ಕಿಮಕ್ ಅಂತಿಲ್ಲ. ಬಟಾಣಿ ಮಾತ್ರ ಪರ್ಸನಲ್ಲಾಗಿ, "ನೀನು ಸತ್ತೆ, ಬಾ ಬೆಣ್ಣೆ ದೋಸೆ ತಿನ್ನೋಣ" ಅಂದ. ಹೋದೆ. ದೋಸೆ ಮೇಲೆ ಬೆಣ್ಣೆ ಕರಗ್ತಿದೆ, ಪಲ್ಯ ಗಂಟಲಲ್ಲಿ ಇಳೀತಿಲ್ಲ, ಅಷ್ಟೊತ್ತಿಗೆ ಇಬ್ಬರ ಫೋನೂ ಒಟ್ಟಿಗೇ ಟಿಂಗ್ ಅಂತು. ಸರ್ ಮೆಸೇಜು.

"ಹಲಗೆ ಮೇಲೆ 7 × 8 = 54 ಅಂತ ಬರೆದಿದ್ದೀಯ. ಏಳೆಂಟ್ಲ ಐವತ್ತಾರು. ಆವಾಗ್ಲೂ ಹಿಂಗೇ ಬರೀತಿದ್ದೆ. ಮತ್ತೆ ಆ ವರ್ಷ ನನಗೆ ತಲೆ ತುಂಬಾ ಕೂದ್ಲಿತ್ತು."

ಬಟಾಣಿ ನಕ್ಕ ನಗುವಿಗೆ ಪಕ್ಕದ ಟೇಬಲ್ಲಿನೋರ ಚಟ್ನಿ ಚೆಲ್ತು. ನಾನು ಅಲ್ಲೇ, ಬೆಣ್ಣೆ ಕೈಲೇ, 54ನ 56 ಮಾಡ್ದೆ, ಬಾಲನ ಬಟಾಣಿ ಬಾಯಿಗೆ ಎಳೆದೆ, ಸರ್ ತಲೆಗೆ ಒಂದೊಂದೇ ಕೂದ್ಲು ಬರೆದು ವಾಪಸ್ ಕಳಿಸ್ದೆ.

ತಕ್ಷಣ ರಿಪ್ಲೈ ಬಂತು. "ಈಗ ಸರಿಯಾಗಿದೆ. ಬಾಗಿಲಲ್ಲಿರೋ ಮೇಕೆ ಚೆನ್ನಾಗಿ ಬಂದಿದೆ."