ಹೊಳೆ ಇದೆ, ಇಳಿಯಲು ಕಡವಿಲ್ಲ

ಕಳೆದ ಆದಿತ್ಯವಾರ ಬೆಳಿಗ್ಗೆ ನಾನೂ ಭಾವನೂ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಹೊತ್ತುಕೊಂಡು ಕಾಸರಗೋಡಿನ ಚಂದ್ರಗಿರಿ ಹೊಳೆಯ ಬದಿಯಲ್ಲಿ ಮುಕ್ಕಾಲು ಗಂಟೆ ಅಲೆದೆವು. ಇಬ್ಬರು ಕೂರುವ ಸೆಕೆಂಡ್ ಹ್ಯಾಂಡ್ ಪ್ಲಾಸ್ಟಿಕ್ ಕಯಾಕ್, 30 ಕಿಲೋ ಹತ್ತಿರ ಭಾರ. ಹೊಳೆ ಕಣ್ಣೆದುರಿಗೇ ಇದೆ. ಒಂದು ಕಡೆ ಕಾಂಪೌಂಡ್ ಗೋಡೆ, ಇನ್ನೊಂದು ಕಡೆ ಗೇಟಿಗೆ ಬೀಗ, ಅದರಾಚೆ ಕಸದ ರಾಶಿ ಮತ್ತು ಒಡೆದ ಬಾಟಲಿ.

ಕೊನೆಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕೆಸರಿನಲ್ಲಿ ಎಳೆದುಕೊಂಡು ಇಳಿಸಿದೆವು. ಕೆಸರಿನಿಂದ ಮೇಲೆದ್ದ ಉಸಿರುಬೇರುಗಳು ಕಾಲಡಿಯಲ್ಲಿ ಮುರಿದವು. ಆ ಸದ್ದು ನೆನಪಾದರೆ ಈಗಲೂ ಬೇಸರವಾಗುತ್ತದೆ.

ನೀರಿಗೆ ಇಳಿದ ಮೇಲೆ ಬೇರೆಯೇ ಲೋಕ. ಭರತದ ಹೊತ್ತು ನೋಡಿ ಹೊರಟಿದ್ದೆವು. ಸಮುದ್ರದಿಂದ ಏರಿ ಬರುವ ನೀರೇ ಮೇಲಕ್ಕೆ ತಳ್ಳುತ್ತದೆ, ಇಳಿತ ಶುರುವಾದಾಗ ವಾಪಸ್ ಬಂದರೆ ತೋಳು ಅಷ್ಟು ನೋಯುವುದಿಲ್ಲ. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಮೀನು ಹಿಡಿಯುವವರಿಗೆ ಅದು ಬಾಯಿಪಾಠ, ನಾನು ಈಗ ಕಲಿಯುತ್ತಿದ್ದೇನೆ. ಕಯಾಕಿಗೆ ಒಂದು ಗೇಣು ನೀರು ಇದ್ದರೂ ಸಾಕು. ಡೀಸೆಲ್ ಇಲ್ಲ, ದಡ ಕೊರೆಯುವ ಅಲೆ ಇಲ್ಲ. ದಕ್ಷಿಣದ ದಡದ ಮೇಲೆ 17ನೇ ಶತಮಾನದ ಚಂದ್ರಗಿರಿ ಕೋಟೆ. ಸೇತುವೆ ಮೇಲೆ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ನಮ್ಮೂರು ಹೊಳೆಯ ಊರು ಅಂತ ಮನಸ್ಸಿಗೆ ನಾಟಿದ್ದು ಕೆಳಗಿನಿಂದ ನೋಡಿದಾಗಲೇ.

ಅಮ್ಮ ಹೇಳುತ್ತಾರೆ, ಅವರು ಚಿಕ್ಕವರಿದ್ದಾಗ ನಾವು ಬೀಗ ನೋಡಿದ ಆ ಓಣಿ ಸೀದಾ ಕಡವಿಗೆ, ಅಂದರೆ ದೋಣಿ ಹತ್ತಿ ಇಳಿಯುವ ಜಾಗಕ್ಕೆ, ಹೋಗುತ್ತಿತ್ತಂತೆ. ತರಕಾರಿ, ತೆಂಗಿನಕಾಯಿ, ಮದುವೆ ದಿಬ್ಬಣ ಎಲ್ಲ ದೋಣಿಯಲ್ಲೇ. ಸೇತುವೆ ಬಂತು, ದೋಣಿ ನಿಂತಿತು. ಆಮೇಲೆ ಆ ದಾರಿಯನ್ನು ಕೇಳುವವರೇ ಇಲ್ಲ. ಬೇಲಿ ಸ್ವಲ್ಪ ಸ್ವಲ್ಪವೇ ಈಚೆ ಬಂತು, ಈಗ ಗೋಡೆಯೇ ಬಂದಿದೆ. ಸೇತುವೆ ಬೇಕಿತ್ತು, ಅದರಲ್ಲಿ ಮಾತಿಲ್ಲ. ಆದರೆ ಕಡವಿನ ದಾರಿ ಎಲ್ಲರ ದಾರಿ ಅಲ್ವಾ? ದೋಣಿ ನಿಂತ ಮಾತ್ರಕ್ಕೆ ಅದು ಒಬ್ಬರ ಅಂಗಳ ಆಗುವುದು ಹೇಗೆ?

ಹೊಳೆ ಅಂದ ಕೂಡಲೇ ಹೌಸ್‌ಬೋಟ್, ರೆಸಾರ್ಟ್ ಮಾತು ಬರುತ್ತದೆ. ವಲಿಯಪರಂಬದ ಹಿನ್ನೀರಿನಲ್ಲಿ ಅದು ಇದೆ, ಇರಲಿ. ನಾನು ಕೇಳುತ್ತಿರುವುದು ಅದಕ್ಕಿಂತ ತುಂಬಾ ಸಣ್ಣದು. ಪೇಟೆಯ ಹತ್ತಿರ ಒಂದೆರಡು ಹಳೆಯ ಕಡವುಗಳನ್ನು ಸರ್ವೆ ಮಾಡಿ, ಪೊರಂಬೋಕು (ಸರ್ಕಾರಿ) ಜಾಗ ಎಲ್ಲಿಯವರೆಗೆ ಅಂತ ಗುರುತು ಹಾಕಿ, ಟಿಕೆಟ್ ಇಲ್ಲದೆ ಎಲ್ಲರಿಗೂ ಬಿಟ್ಟುಕೊಡಿ. ಎತ್ತರದ ಜೆಟ್ಟಿ ಬೇಡ. ಇಳಿತದಲ್ಲಿ ನೀರು ಕೆಳಗೆ ಹೋದಾಗ ಅದರಿಂದ ಕಯಾಕಿಗೆ ಇಳಿಯುವುದೇ ಅಪಾಯ. ಇಳಿತದ ನೀರು ಮುಟ್ಟುವವರೆಗೆ ಒಂದು ಇಳಿಜಾರು ಸಾಕು. ಬಲೆ ಹಾಕುವವರ ಸಣ್ಣ ದೋಣಿಗೂ ಅದೇ ಅನುಕೂಲ. ಮೊದಲ ಹಕ್ಕು ಅವರದ್ದೇ, ನಾವು ಭಾನುವಾರದವರು. ಇಂಥ ದಾರಿ ಇದ್ದರೆ ಕಾಂಡ್ಲಾ ತುಳಿಯುವ ಪ್ರಮೇಯವೂ ಬರುವುದಿಲ್ಲ.

"ಮಕ್ಕಳು ಬಿದ್ದರೆ?" ಅಂತ ಕೇಳುತ್ತಾರೆ. ಹೆದರಿಕೆ ಸುಮ್ನೆ ಅಲ್ಲ. ಹೊಯಿಗೆ (ಮರಳು) ತೆಗೆದ ಕಡೆ ಗುಂಡಿ ಎಷ್ಟು ಆಳ ಅಂತ ಮೇಲಿನಿಂದ ಗೊತ್ತಾಗುವುದಿಲ್ಲ. ಇಳಿತದಲ್ಲಿ ಅಳಿವೆ ಬಾಗಿಲಿನ ಕಡೆ ಸೆಳೆತ ಜಾಸ್ತಿ. ಮಳೆಗಾಲದಲ್ಲಂತೂ ಇಳಿಯಲೇಬಾರದು. ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ಬಿಡಬೇಡಿ, ಎಚ್ಚರಿಕೆಯ ಬೋರ್ಡ್ ಹಾಕಿ, ಅದು ಕನ್ನಡದಲ್ಲೂ ಇರಲಿ. ನನ್ನ ಅಜ್ಜಿಗೆ ಮಲಯಾಳ ಓದಲು ಬರುವುದಿಲ್ಲ, ಅಪಾಯದ ಮಾತು ಅವರಿಗೂ ತಲುಪಬೇಕು. ಆದರೆ ಬೀಗ ಹಾಕಿದ್ದರಿಂದ ಮಕ್ಕಳು ನೀರಿಗೆ ಹೋಗುವುದು ನಿಂತಿಲ್ಲ. ಯಾರ ಕಣ್ಣಿಗೂ ಬೀಳದ ಕಡೆ ಹೋಗುತ್ತಿದ್ದಾರೆ, ನನಗೆ ಅದೇ ಹೆಚ್ಚು ಭಯ.

ಮುಂದಿನ ವಾರ್ಡ್ ಸಭೆಯಲ್ಲಿ ಅರ್ಜಿ ಕೊಡುತ್ತೇನೆ. ತಳಂಗರೆಯಿಂದ ಚೆಮ್ನಾಡಿನವರೆಗೆ ಎಲ್ಲೆಲ್ಲಿ ಕಡವು ಇತ್ತು ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿ ಕೆಳಗೆ ಬರೆಯಿರಿ. ಹಳೆಯ ಫೋಟೋ ಇದ್ದರೆ ಅದನ್ನೂ ಹಾಕಿ. ಅರ್ಜಿಯ ಜೊತೆ ಲಗತ್ತಿಸುತ್ತೇನೆ.