ಪೆಟ್ಟಿಗೆ 55, ಯೋಧರೆಷ್ಟು?

'ಉತ್ತರ ಕೊರಿಯಾ 55 ಅಮೆರಿಕನ್ ಯೋಧರ ಅವಶೇಷ ಮರಳಿಸಿತ್ತು' ಅನ್ನೋ ಪೋಸ್ಟ್ ಮತ್ತೆ ಹರಿದಾಡ್ತಿದೆ. ಓದಿದರೆ ಸಿಟ್ಟು ನೆತ್ತಿಗೇರುತ್ತೆ. ಯೋಧರಲ್ಲ ಸ್ವಾಮಿ, ಪೆಟ್ಟಿಗೆಗಳು! ಐವತ್ತರ ದಶಕದ ಕೊರಿಯಾ ಯುದ್ಧದಲ್ಲಿ ಸತ್ತವರ ಮೂಳೆ ಹೊತ್ತು 2018ರ ಜುಲೈ 27ರಂದು ಉತ್ತರ ಕೊರಿಯಾದ ವೊನ್ಸಾನ್‌ನಿಂದ ಬಂದ ಆ 55 ಪೆಟ್ಟಿಗೆಗಳ ಜೊತೆಗಿದ್ದ ಗುರುತಿನ ಬಿಲ್ಲೆ ಒಂದೇ ಒಂದು. ಹವಾಯಿಯಲ್ಲಿರುವ ಅಮೆರಿಕ ಸೇನೆಯ ಪ್ರಯೋಗಾಲಯಕ್ಕೆ ತಂದು ಪರೀಕ್ಷಿಸಿದಾಗ ಸಿಕ್ಕಿದ್ದು ಸುಮಾರು 250 ಜನರ ಡಿಎನ್‌ಎ, ಅದರಲ್ಲಿ ಕೊರಿಯನ್ನರದೂ ಇತ್ತು. 1990ರ ದಶಕದ ಶುರುವಿನಲ್ಲಿ ಬಂದ 208 ಪೆಟ್ಟಿಗೆಗಳ ಕಥೆಯೂ ಇದೇ. ಒಂದೇ ಪೆಟ್ಟಿಗೆಯಲ್ಲಿ ಹಲವರ ಮೂಳೆ ಬೆರೆತಿತ್ತು.

ಯಾವ ಮೂಳೆ ಯಾರದು ಅಂತ ಪತ್ತೆ ಹಚ್ಚೋಕೆ ಮೊದಲು ನೋಡೋದು ಮೈಟೊಕಾಂಡ್ರಿಯದ, ಅಂದ್ರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ, ಡಿಎನ್‌ಎ. ಒಂದೊಂದು ಜೀವಕೋಶದಲ್ಲೂ ಅದರ ನೂರಾರು ಪ್ರತಿ ಇರೋದರಿಂದ ಹಳೇ ಮೂಳೆಯಲ್ಲೂ ಉಳಿದಿರುತ್ತೆ. ಆದರೆ ಅದು ತಾಯಿಯಿಂದ ಮಾತ್ರ ಬರುವಂಥದ್ದು. ಹಾಗಾಗಿ ಯೋಧನ ಸ್ವಂತ ಮಗ ಬಂದು ನಿಂತರೂ ಈ ಪರೀಕ್ಷೆಗೆ ಆಗಲ್ಲ. ಒಡಹುಟ್ಟಿದವರು, ಅಕ್ಕ-ತಂಗಿಯ ಮಕ್ಕಳು, ತಾಯಿಯ ಒಡಹುಟ್ಟಿದ ಚಿಕ್ಕಮ್ಮ-ದೊಡ್ಡಮ್ಮನ ಮಕ್ಕಳು ಬೇಕು. ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ ಕೊಟ್ಟರೆ ಸಾಕು. ಅದು ಹೊಂದಿದ ಮಾತ್ರಕ್ಕೆ ಹೆಸರು ಬರೆಯೋಕಾಗಲ್ಲ, ಸಂಬಂಧವೇ ಇಲ್ಲದವರಲ್ಲೂ ಅದೇ ಮಾದರಿ ಇರಬಹುದು. ಆಗ ಹಲ್ಲಿನ ದಾಖಲೆ ನೋಡ್ತಾರೆ. ಇನ್ನೊಂದು ದಾರಿ ಎದೆಯ ಎಕ್ಸ್‌-ರೇ. ಕ್ಷಯ ಇದೆಯೇ ಅಂತ ನೋಡಲು ಸೇನೆಗೆ ಸೇರುವಾಗ ತೆಗೆದಿದ್ದ ಚಿತ್ರದಲ್ಲಿ ಕೊರಳೆಲುಬು ಬಿದ್ದಿರುತ್ತೆ. ಅದರ ಬಾಗು, ಅಂಚು ಒಬ್ಬರದಿದ್ದಂತೆ ಇನ್ನೊಬ್ಬರದಿರಲ್ಲ. ಸಿಕ್ಕ ಮೂಳೆಯನ್ನು ಆ ಹಳೇ ಚಿತ್ರದ ಪಕ್ಕ ಇಟ್ಟು ಹೋಲಿಸ್ತಾರೆ. ಹಳೇ ದಾಖಲೆ ಜೋಪಾನವಾಗಿ ಇಟ್ಟಿದ್ದಕ್ಕೆ ಮನುಷ್ಯ ಸಿಕ್ಕಿದ.

ಅದೇ ಯುದ್ಧದಲ್ಲಿ ಸತ್ತು, ಗುರುತು ಸಿಗದೆ ಹವಾಯಿಯ ಹೊನೊಲುಲುವಿನ ಸೇನಾ ಸ್ಮಶಾನದಲ್ಲಿ ಅನಾಮಿಕರು ಅಂತ ಹೂತವರದು ಇನ್ನೂ ಕಷ್ಟ. ಐವತ್ತರ ದಶಕದಲ್ಲಿ ಆ ಮೂಳೆಗಳು ಕೆಡದಿರಲಿ ಅಂತ ಫಾರ್ಮಾಲ್ಡಿಹೈಡ್ ಅನ್ನೋ ರಾಸಾಯನಿಕ ಹಾಕಿದ್ದರು. ಒಳ್ಳೆ ಉದ್ದೇಶವೇ. ಆದರೆ ಡಿಎನ್‌ಎ ಚೂರುಚೂರಾಗಿ ಹೋಯ್ತು, ಮಾಮೂಲಿ ಪರೀಕ್ಷೆಯಲ್ಲಿ ಏನೂ ಬರ್ತಿರಲಿಲ್ಲ. ಆ ಚೂರುಗಳನ್ನೇ ಹೆಕ್ಕಿ ಓದುವ ವಿಧಾನ ಕೈಗೆ ಬಂದಿದ್ದು 2016ರ ಹೊತ್ತಿಗೆ.

'ಎಪ್ಪತ್ತು ವರ್ಷ ಆದಮೇಲೆ ಮೂಳೆ ಹುಡುಕಿ ಏನು ಪ್ರಯೋಜನ, ಬದುಕಿರೋರಿಗೆ ಖರ್ಚು ಮಾಡಿ' ಅಂತಾರೆ. ಕೊರಿಯಾ ಯುದ್ಧದಿಂದ ಇನ್ನೂ ಬಾರದ ಅಮೆರಿಕನ್ನರೇ ಏಳು ಸಾವಿರಕ್ಕೂ ಹೆಚ್ಚು. ಅವರ ತಂಗಿಯರೂ ಬದುಕಿರೋರೇ ಅಲ್ವಾ?

ನಮ್ಮಲ್ಲೂ ನೋಡಿ. 1984ರಲ್ಲಿ ಸಿಯಾಚಿನ್‌ನಲ್ಲಿ ಹಿಮಪಾತಕ್ಕೆ ಸಿಕ್ಕಿದ ಕುಮಾವ್ ರೆಜಿಮೆಂಟಿನ ಯೋಧ 2022ರಲ್ಲಿ ಸಿಕ್ಕಿದರು. ಗುರುತು ಹಿಡಿದದ್ದು ಸೇನಾ ಸಂಖ್ಯೆಯ ಬಿಲ್ಲೆಯಿಂದ. ಅದೂ ಕಳೆದಿದ್ದರೆ? 1971ರ ಯುದ್ಧದಲ್ಲಿ ಕಣ್ಮರೆಯಾದವರ ಅಕ್ಕ-ತಂಗಿಯರಿಗೆ ಈಗ ಎಪ್ಪತ್ತು, ಎಂಬತ್ತು. ಅವರ ಹತ್ತಿಕಡ್ಡಿ ಮಾದರಿ ಈಗಲೇ ತೆಗೆದಿಡಬೇಕು, ಮೂಳೆ ಸಿಗುವ ತನಕ ಕಾಯಬಾರದು.