ಆಟ ಸಾಕು, ಸ್ಕ್ರಿಪ್ಟ್ ತಗೊಳ್ಳಿ!

ನಿನ್ನೆ ಒಂದು ನಾಟಕ ತಂಡದ ತಾಲೀಮು ನೋಡಲು ಹೋಗಿದ್ದೆ. ಯಾವ ತಂಡ ಅಂತ ಕೇಳಬೇಡಿ, ಹೇಳಲ್ಲ. ಮೊದಲ ಅರ್ಧ ಗಂಟೆ ಎಷ್ಟು ಚೆನ್ನಾಗಿತ್ತು ಗೊತ್ತಾ! ಕನ್ನಡಿ ಆಟ, ಕಣ್ಣು ಕಟ್ಟಿ ಹಿಡಿಯುವ ಆಟ, ಇಲ್ಲದ ಚೆಂಡನ್ನು ಒಬ್ಬರಿಗೊಬ್ಬರು ಎಸೆಯುವ ಆಟ. ಚೆಂಡು ಕಾಣುತ್ತಿತ್ತು ಕಣ್ರೀ, ಅದರ ಭಾರವೂ ಕಾಣುತ್ತಿತ್ತು. ಆಮೇಲೆ ನಿರ್ದೇಶಕರು ಚಪ್ಪಾಳೆ ತಟ್ಟಿ, "ಆಟ ಸಾಕು, ಸ್ಕ್ರಿಪ್ಟ್ ತಗೊಳ್ಳಿ, ಇನ್ನು ಕೆಲಸ" ಅಂದರು. ಎಲ್ಲರೂ ಸುತ್ತ ಕುಳಿತರು. ಬೆನ್ನು ಬಾಗಿತು, ಕಣ್ಣು ಹಾಳೆಗೆ ಅಂಟಿತು, ಎಲ್ಲರ ದನಿಯೂ ಒಂದೇ ಆಯಿತು. ಆಗಷ್ಟೇ ಇಲ್ಲದ ಚೆಂಡನ್ನು ನೋಡುತ್ತಿದ್ದವರಿಗೆ ಈಗ ಎದುರಿಗೆ ಕೂತ ಮನುಷ್ಯನೇ ಕಾಣಿಸುತ್ತಿಲ್ಲ.

ನನಗೆ ತಲೆ ಕೆಡುವುದು ಇಲ್ಲೇ. ಊಟಕ್ಕೆ ಮುಂಚೆ ಕೈ ತೊಳೆದ ಹಾಗೆ ಆಟ ಮುಗಿಸಿ ಒರೆಸಿಕೊಂಡು ಬಿಡುತ್ತೀರಲ್ಲ, ಹಾಗಾದರೆ ಆಡಿಸಿದ್ದು ಯಾಕೆ? ಮೈ ಬಿಸಿಯಾಗಲಿ ಅಂತಲಾ? ಅದಕ್ಕೆ ನಾಲ್ಕು ಸುತ್ತು ಓಡಿಸಿದರೂ ಸಾಕಿತ್ತು.

ಈ ಆಟಗಳಲ್ಲಿ ಬಹಳಷ್ಟರ ಬೇರು ಅಮೆರಿಕದ ರಂಗಶಿಕ್ಷಕಿ ವಯೋಲಾ ಸ್ಪೋಲಿನ್ ಹತ್ತಿರ ಹೋಗುತ್ತದೆ. 1920ರ ದಶಕದಲ್ಲಿ ಷಿಕಾಗೋದಲ್ಲಿ ವಲಸಿಗರಿಗೆ ನೆರವಾಗುತ್ತಿದ್ದ ಹಲ್ ಹೌಸ್‌ನಲ್ಲಿ ನೀವಾ ಬಾಯ್ಡ್ ಅವರಿಂದ ಗುಂಪಿನ ಆಟ ಕಲಿತವರು, ಆಮೇಲೆ ವಲಸಿಗರ ಜೊತೆ, ಮಕ್ಕಳ ಜೊತೆ ರಂಗದ ಆಟಗಳನ್ನು ಕಟ್ಟಿದವರು. 1963ರಲ್ಲಿ ಅವರ ದೊಡ್ಡ ಪುಸ್ತಕ ಬಂತು. ಎಲ್ಲರೂ ಅದರಿಂದ ಆಟಗಳನ್ನು ಎತ್ತಿಕೊಂಡರು, ಸಂತೋಷ. ಆದರೆ ಬರೆದಿಟ್ಟ ನಾಟಕದ ತಾಲೀಮಿಗೆ ಆಟ ಬಳಸುವುದು ಹೇಗೆ ಅಂತ ನಿರ್ದೇಶಕರಿಗಾಗಿಯೇ 1985ರಲ್ಲಿ ಇನ್ನೊಂದು ಪುಸ್ತಕ ಬರೆದರಲ್ಲ, ಅದನ್ನು ಯಾರೂ ತೆಗೆದೇ ನೋಡಿಲ್ಲವೇನೋ ಅನ್ನಿಸುತ್ತದೆ. ರಷ್ಯದ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಹೆಸರನ್ನಂತೂ ದಿನಾ ಜಪಿಸುತ್ತಾರೆ. ಕೊನೆಯ ವರ್ಷಗಳಲ್ಲಿ ಆ ಮನುಷ್ಯ, ಮಾತು ಬಾಯಿಪಾಠ ಮಾಡುವ ಮೊದಲು ಎದ್ದು ನಿಂತು ನಿಮ್ಮದೇ ಮಾತಲ್ಲಿ ದೃಶ್ಯ ಆಡಿ ನೋಡಿ ಅನ್ನುತ್ತಿದ್ದರು. ಆ ಭಾಗ ಮಾತ್ರ ನಮ್ಮವರಿಗೆ ಮರೆತುಹೋಗುತ್ತದೆ.

ನಿನ್ನೆಯ ದೃಶ್ಯವನ್ನೇ ತಗೊಳ್ಳಿ. ಒಡೆಯ, ಆಳು. ಆಳು ಹೆಚ್ಚುಕಡಿಮೆ ಹೇಳುವುದೆಲ್ಲಾ "ಆಗಲಿ ಒಡೆಯಾ" ಅಂತಲೇ. ಆ ಹುಡುಗ ಪ್ರತಿಸಲ ತಲೆ ತಗ್ಗಿಸಿ ಒಂದೇ ರಾಗದಲ್ಲಿ ಹೇಳುತ್ತಿದ್ದ. ಅವನಿಗೆ ಪಾತ್ರದ ಬಾಲ್ಯ, ಬಡತನ, ಒಳಗಿನ ನೋವು ಎಲ್ಲವನ್ನೂ ವಿವರಿಸಿದರು. ಪಾಪ, ಬರೆದುಕೊಂಡ. ಮತ್ತೆ ಅದೇ ರಾಗ. ನಾನಾಗಿದ್ದರೆ ಇಸ್ಪೀಟು ಎಲೆ ಕೊಡುತ್ತಿದ್ದೆ. ಇಬ್ಬರೂ ಒಂದೊಂದು ಎಳೆಯಲಿ, ಯಾರಿಗೂ ತೋರಿಸುವುದು ಬೇಡ. ರಾಜ ಬಂದವನು ತಾನೇ ಮೇಲು ಅಂತ ಆಡಬೇಕು, ಎರಡು ಬಂದವನು ತಾನೇ ಕೀಳು ಅಂತ. ಮಾತು ಮಾತ್ರ ಸ್ಕ್ರಿಪ್ಟಿನದ್ದೇ, ಒಂದಕ್ಷರ ಬದಲಾಗಬಾರದು. ಆಳಿಗೆ ರಾಜ ಬಂದರೆ "ಆಗಲಿ ಒಡೆಯಾ" ಅನ್ನುವುದಕ್ಕೆ ಹಲ್ಲು ಹುಟ್ಟುತ್ತದೆ, ಒಡೆಯ ಕುರ್ಚಿಯಲ್ಲೇ ಮುದುಡುತ್ತಾನೆ. ನೋಡುವವರು ಎಲೆ ಯಾವುದು ಅಂತ ಊಹಿಸಲಿ. ಊಹೆ ತಪ್ಪಿದರೆ ಆಡಿದ್ದು ಸಾಲದು ಅಂತ ಲೆಕ್ಕ. ಆಶುನಟನೆ ಕಲಿಸುತ್ತಿದ್ದ ಕೀತ್ ಜಾನ್‌ಸ್ಟೋನ್ ಮೇಲು ಕೀಳಿನ ಆಟಗಳ ಬಗ್ಗೆ ಹೇಳುವಾಗ, ಎದುರಿನವರಿಗಿಂತ ಸ್ವಲ್ಪವೇ ಸ್ವಲ್ಪ ಮೇಲೆ ಅಥವಾ ಕೆಳಗೆ ಇರಿ ಅನ್ನುತ್ತಾರೆ. ಆ ಸ್ವಲ್ಪದಲ್ಲೇ ಇಡೀ ದೃಶ್ಯ ಕೂತಿರುತ್ತದೆ.

ಇನ್ನೊಂದು: ನಿಮ್ಮ ಮಾತು ಹೇಳುವ ಮೊದಲು ಎದುರಿನವರು ಹೇಳಿದ ಕೊನೆಯ ಪದವನ್ನು ವಾಪಸ್ ಹೇಳಬೇಕು. ಅಷ್ಟೇ ಆಟ. ತಮ್ಮ ಸರದಿಗಾಗಿ ಕಾಯುತ್ತಾ ಕೂರುವ ನಟರು ಒಂದೇ ಪುಟದಲ್ಲಿ ಸಿಕ್ಕಿಬೀಳುತ್ತಾರೆ. ನಗು ಬರುತ್ತದೆ, ಮತ್ತೆ ಕೇಳಿಸಿಕೊಳ್ಳಲು ಶುರು ಮಾಡುತ್ತಾರೆ. "ಸರಿಯಾಗಿ ಕೇಳಿಸ್ಕೊಳ್ರಪ್ಪಾ" ಅಂತ ನೂರು ಸಲ ಕೂಗುವ ಕೆಲಸ ತಪ್ಪುತ್ತದೆ, ಅಲ್ವಾ?

ಅಂದಹಾಗೆ, ನನ್ನನ್ನು ಬಲ್ಲವರು ಈಗ ನಗುತ್ತಿರುತ್ತೀರಿ. ಹೌದು, ನನಗೆ ಗುಂಪಿನ ಆಟ ಅಂದರೇ ಆಗಲ್ಲ. "ಎಲ್ಲರೂ ಪ್ರಾಣಿಗಳಾಗಿ!" ಅಂದ ಕೂಡಲೇ ನೀರು ಕುಡಿಯಲು ಹೋಗಿ ಅಲ್ಲೇ ನಿಲ್ಲುವವಳು ನಾನು. ಸುಮ್ನೆ ಕುಣಿಸುವುದರ ಪರ ನಾನಿಲ್ಲ. ದೃಶ್ಯದಲ್ಲಿ ಏನು ಸಿಕ್ಕಿಕೊಂಡಿದೆಯೋ ಅದಕ್ಕೆ ಸರಿಯಾದ ಒಂದು ನಿಯಮ ಬೇಕು. ಇಲ್ಲದಿದ್ದರೆ ಅದು ಬರೀ ಗದ್ದಲ.

"ಹೀಗೆ ಆಡಿಸಿದರೆ ನಾಟಕಕಾರರ ಮಾತಿಗೆ ಏನು ಬೆಲೆ?" ಅಂತ ಒಬ್ಬರು ಹಿರಿಯರು ಕೇಳಿದರು. ಸರ್, ಇಡೀ ದೃಶ್ಯವನ್ನು ಒಮ್ಮೆ ಅರ್ಥವಿಲ್ಲದ ಭಾಷೆಯಲ್ಲಿ ಆಡಿಸಿ ನೋಡಿ. ಹೋಗಬೇಡ ಅನ್ನುವುದನ್ನು ಪದವಿಲ್ಲದೆ ತಿಳಿಸಲು ಒದ್ದಾಡಿದವನಿಗೆ ಆಮೇಲೆ ಬರೆದ ಮಾತು ಸಿಕ್ಕಾಗ ಅದನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತಾನೆ ಅಂತ. ಕೆಂಪು ಪೆನ್ಸಿಲ್‌ನಲ್ಲಿ ಅಡಿಗೆರೆ ಎಳೆದರೆ ಆ ಹಿಡಿತ ಬರಲ್ಲ. ಪದ್ಯದ ನಾಟಕಕ್ಕೆ ಲಯವನ್ನು ಕೂತು ಕಲಿಯಬೇಕು, ಒಪ್ಪಿದೆ. ಕಲಿತಾದ ಮೇಲೂ ಕೂತೇ ಇರುತ್ತಾರಲ್ಲ, ಅದಕ್ಕೇನು ಹೇಳುವುದು?

"ಟೈಮ್ ಇಲ್ಲ" ಅನ್ನುವುದು ಇನ್ನೊಂದು ಮಾತು. ಪಾತ್ರದ ಅಜ್ಜಿಯ ಬಗ್ಗೆ ಎರಡು ಗಂಟೆ ಚರ್ಚೆ ಮಾಡಲು ಟೈಮ್ ಇದೆ, ಹತ್ತು ನಿಮಿಷದ ಆಟಕ್ಕೆ ಇಲ್ಲ. ಚರ್ಚೆಯಲ್ಲಿ ಮಾತಾಡುವುದು ಜಾಸ್ತಿ ಯಾರು ಅಂತ ನೋಡಿದ್ದೀರಾ? ನಿರ್ದೇಶಕರೇ. ಆಟ ಇಟ್ಟರೆ ಅವರು ಬಾಯಿ ಮುಚ್ಚಿ ನೋಡುತ್ತಾ ಕೂರಬೇಕು, ಏನಾಗುತ್ತೋ ಅವರಿಗೂ ಗೊತ್ತಿರಲ್ಲ. ಟೈಮ್ ಸಿಗದಿರುವುದು ಅದಕ್ಕೇ ಇರಬೇಕು.